ಶಾಲಾ ಮಕ್ಕಳಲ್ಲಿ ಜಂತುಹುಳು ಬಾಧೆ ಮತ್ತು ರಕ್ತಹೀನತೆ: ರೈತ ಕುಟುಂಬಗಳು ಅನುಸರಿಸಬೇಕಾದ ಕ್ರಮಗಳು

ಪೀಠಿಕೆ

ಕುರಿ ಸಾಕುವ ರೈತರಿಗೆ ಒಂದು ಪರೀಕ್ಷೆ ಚೆನ್ನಾಗಿ ತಿಳಿದಿದೆ. ಮೇವು ತಿಂದರೂ ಕುರಿ ಸೊರಗುತ್ತಿದ್ದರೆ ಅದರ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡುತ್ತಾರೆ. ಒಳಭಾಗ ಕೆಂಪಾಗಿರದೆ ಬಿಳಿಚಿಕೊಂಡಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತುಗಳಿರಬಹುದೆಂದು ತಿಳಿದು ಔಷಧ ಕುಡಿಸುತ್ತಾರೆ. ಔಷಧ ಕುಡಿಸಿದ ಕುರಿಯನ್ನು ಅದೇ ಒದ್ದೆ ಹುಲ್ಲುಗಾವಲಿಗೆ ಮರಳಿ ಬಿಟ್ಟರೆ ಜಂತುಗಳು ಮತ್ತೆ ಸೇರಿಕೊಳ್ಳುತ್ತವೆ ಎಂಬುದೂ ಅವರಿಗೆ ಅನುಭವದಿಂದ ಗೊತ್ತು.

ಶಾಲೆಗೆ ಹೋಗುವ ನಮ್ಮ ಮಕ್ಕಳ ವಿಷಯದಲ್ಲಿಯೂ ನಡೆಯುವುದು ಬಹುಮಟ್ಟಿಗೆ ಇದೇ. ಹುಳುವಿನ ಜಾತಿ ಬೇರೆ, ಆದರೆ ಕ್ರಮ ಒಂದೇ. ಮಣ್ಣಿನಿಂದ ಬಂದ ಹುಳು ಕರುಳಿನಲ್ಲಿ ನೆಲೆಸಿ ರಕ್ತವನ್ನು ಕುಂದಿಸುತ್ತದೆ. ಮಲದ ಮೂಲಕ ಅದರ ಮೊಟ್ಟೆಗಳು ಮತ್ತೆ ಮಣ್ಣು ಸೇರುತ್ತವೆ. ಶಾಲೆಯಲ್ಲಿ ನೀಡುವ ಮಾತ್ರೆ ಹೊಟ್ಟೆಯಲ್ಲಿರುವ ಹುಳುವನ್ನು ಕೊಲ್ಲಬಲ್ಲದು. ಆದರೆ ಕಳೆದುಹೋದ ರಕ್ತವನ್ನು ಅದು ತುಂಬಿಕೊಡಲಾರದು, ಮಣ್ಣನ್ನು ಶುದ್ಧಗೊಳಿಸಲಾರದು. ಈ ಎರಡು ಕೆಲಸಗಳು ರೈತ ಕುಟುಂಬದ ಅಡುಗೆಮನೆ, ಕೈತೋಟ, ಶೌಚಾಲಯ ಮತ್ತು ಗೊಬ್ಬರದ ಗುಂಡಿಗಳಲ್ಲಿ ನಡೆಯಬೇಕು. ಆದ್ದರಿಂದ ಈ ವಿಷಯವನ್ನು ಆರೋಗ್ಯ ಇಲಾಖೆಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸದೆ ತಾವು ಗಮನವಿಟ್ಟು ಓದಬೇಕು.

ಸಮಸ್ಯೆಯ ಪ್ರಮಾಣ

ಮಣ್ಣಿನ ಮೂಲಕ ಹರಡುವ ಜಂತುಹುಳುಗಳ ಸೋಂಕು ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಮ್ಮ ದೇಶದಲ್ಲಿ 2016-18ರ ಅವಧಿಯಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ 5ರಿಂದ 9 ವರ್ಷದ ಮಕ್ಕಳಲ್ಲಿ ಸುಮಾರು ಶೇ. 24ರಷ್ಟು, 10ರಿಂದ 19 ವರ್ಷದವರಲ್ಲಿ ಸುಮಾರು ಶೇ. 28ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹದಿಹರೆಯದ ಹೆಣ್ಣುಮಕ್ಕಳಲ್ಲಿ ಈ ಪ್ರಮಾಣ ಸುಮಾರು ಶೇ. 40. ಎಲ್ಲ ರಕ್ತಹೀನತೆಗೂ ಹುಳುವೇ ಕಾರಣವಲ್ಲ. ಆದರೆ ಕಬ್ಬಿಣಾಂಶ ಕಡಿಮೆ ಇರುವ ಆಹಾರ ಮತ್ತು ರಕ್ತ ಹೀರುವ ಹುಳು ಎರಡೂ ಒಂದೇ ಮಗುವಿನಲ್ಲಿ ಕೂಡಿದಾಗ ಹಾನಿ ಇಮ್ಮಡಿಯಾಗುತ್ತದೆ.

ಮಣ್ಣಿನಿಂದ ಬರುವ ಮೂರು ಬಗೆಯ ಹುಳುಗಳು

1. ದುಂಡುಹುಳು: ಎರೆಹುಳುವಿನಂತೆ ಉರುಟಾಗಿದ್ದು, ಬೆಳೆದ ಹೆಣ್ಣು ಹುಳು 20ರಿಂದ 35 ಸೆಂ.ಮೀ. ಉದ್ದವಿರುತ್ತದೆ. ಒಂದು ಹೆಣ್ಣು ಹುಳು ದಿನಕ್ಕೆ ಸುಮಾರು ಎರಡು ಲಕ್ಷದವರೆಗೆ ಮೊಟ್ಟೆಗಳನ್ನಿಡುತ್ತದೆ. ಹೊಸದಾಗಿ ಮಲದಲ್ಲಿ ಬಿದ್ದ ಮೊಟ್ಟೆ ಕೂಡಲೇ ಸೋಂಕು ತರುವುದಿಲ್ಲ. ತೇವವಿರುವ ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಬಲಿತ ನಂತರ ಸೋಂಕು ತರುವ ಶಕ್ತಿ ಪಡೆಯುತ್ತದೆ. ಮೊಟ್ಟೆಯ ಕವಚ ಬಹಳ ಗಟ್ಟಿಯಾದುದರಿಂದ ಅನುಕೂಲವಾದ ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಜೀವಂತವಾಗಿ ಉಳಿಯಬಲ್ಲದು. ಮಣ್ಣು ಹತ್ತಿದ ಕೈ, ತೊಳೆಯದ ತರಕಾರಿ ಮತ್ತು ಕಲುಷಿತ ನೀರಿನ ಮೂಲಕ ಬಾಯಿ ಸೇರುತ್ತದೆ.

2. ಚಾಟಿಹುಳು: ಸುಮಾರು 3ರಿಂದ 5 ಸೆಂ.ಮೀ. ಉದ್ದವಿದ್ದು, ಚಾಟಿಯಂತೆ ಒಂದು ತುದಿ ತೆಳ್ಳಗಿರುತ್ತದೆ. ಆ ತುದಿಯನ್ನು ದೊಡ್ಡ ಕರುಳಿನ ಒಳಪದರಕ್ಕೆ ನಾಟಿಕೊಂಡಿರುತ್ತದೆ. ಇದರ ಮೊಟ್ಟೆಯೂ ಬಾಯಿಯ ಮೂಲಕವೇ ಪ್ರವೇಶಿಸುತ್ತದೆ. ಸೋಂಕು ತೀವ್ರವಾದರೆ ಲೋಳೆ ಹಾಗೂ ರಕ್ತ ಬೆರೆತ ಭೇದಿ ಕಾಣಿಸಿಕೊಳ್ಳಬಹುದು.

3. ಕೊಕ್ಕೆಹುಳು: ಕೇವಲ ಒಂದು ಸೆಂ.ಮೀ.ನಷ್ಟು ಉದ್ದದ ಈ ಹುಳುವೇ ರಕ್ತಹೀನತೆಯ ದೃಷ್ಟಿಯಿಂದ ಅತ್ಯಂತ ಅಪಾಯಕಾರಿ. ಇದರ ಮೊಟ್ಟೆ ಮಣ್ಣಿನಲ್ಲಿ ಒಂದೆರಡು ದಿನಗಳಲ್ಲಿ ಒಡೆದು ಮರಿ ಹೊರಬರುತ್ತದೆ. 5ರಿಂದ 10 ದಿನಗಳಲ್ಲಿ ಮರಿಯು ಚರ್ಮವನ್ನು ಭೇದಿಸುವ ಹಂತ ತಲುಪುತ್ತದೆ. ಬರಿಗಾಲಿನಲ್ಲಿ ನಡೆಯುವವರ ಪಾದದ ಮೂಲಕ, ಬೆರಳ ಸಂದುಗಳ ಮೂಲಕ ದೇಹವನ್ನು ಹೊಕ್ಕು, ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ಗಂಟಲಿಗೇರಿ, ನುಂಗಲ್ಪಟ್ಟು ಸಣ್ಣ ಕರುಳನ್ನು ಸೇರುತ್ತದೆ. ಹುಳು ಹೊಕ್ಕ ಜಾಗದಲ್ಲಿ ಕೆಲವೊಮ್ಮೆ ತುರಿಕೆ ಮತ್ತು ಸಣ್ಣ ಗುಳ್ಳೆಗಳು ಏಳುತ್ತವೆ.

ಕೊಕ್ಕೆಹುಳುವಿನ ಮರಿಗಳು ನೆರಳಿರುವ, ತೇವವಿರುವ, ಸಡಿಲವಾದ ಮಣ್ಣಿನಲ್ಲಿ ಹಲವು ವಾರ ಬದುಕುತ್ತವೆ. ನೇರ ಬಿಸಿಲು ಮತ್ತು ಒಣ ಮಣ್ಣಿನಲ್ಲಿ ಬೇಗನೆ ಸಾಯುತ್ತವೆ. ಆದುದರಿಂದ ಮಲೆನಾಡು ಮತ್ತು ಕರಾವಳಿಯ ಅಡಿಕೆ, ಕಾಫಿ, ಬಾಳೆ ತೋಟಗಳಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ಬಯಲುಸೀಮೆಯಲ್ಲಿಯೂ ಸದಾ ತೇವವಿರುವ ನೀರಾವರಿ ತೋಟಗಳ ಅಂಚು, ಕಾಲುವೆ ಬದಿ ಮುಂತಾದ ಕಡೆ ಬಯಲು ಶೌಚ ನಡೆಯುತ್ತಿದ್ದರೆ ಇದೇ ಅಪಾಯವಿದೆ.

ರಕ್ತಹೀನತೆ ಉಂಟಾಗುವ ಬಗೆ: ಒಂದು ಸರಳ ಲೆಕ್ಕ

ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣಾಂಶ ಬೇಕು. 7ರಿಂದ 9 ವರ್ಷದ ಮಗುವಿಗೆ ಆಹಾರದಲ್ಲಿ ದಿನಕ್ಕೆ 15 ಮಿ.ಗ್ರಾಂ. ಕಬ್ಬಿಣಾಂಶ ಇರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಶಿಫಾರಸು ಮಾಡಿದೆ. ಧಾನ್ಯ, ಬೇಳೆ, ಸೊಪ್ಪುಗಳ ಊಟದಲ್ಲಿರುವ ಕಬ್ಬಿಣಾಂಶದಲ್ಲಿ ದೇಹ ಹೀರಿಕೊಳ್ಳುವುದು ನೂರರಲ್ಲಿ 5ರಿಂದ 8 ಭಾಗ ಮಾತ್ರ. ಅಂದರೆ ಪೂರ್ಣ ಪ್ರಮಾಣದ ಊಟ ಮಾಡಿದ ಮಗುವಿಗೂ ದಿನಕ್ಕೆ ದಕ್ಕುವುದು ಸುಮಾರು ಒಂದು ಮಿ.ಗ್ರಾಂ.

ಇನ್ನು ಖರ್ಚಿನ ಕಡೆ ನೋಡಿ. ಕೊಕ್ಕೆಹುಳುವಿನಲ್ಲಿ ಎರಡು ಮುಖ್ಯ ಜಾತಿಗಳಿವೆ. ಒಂದು ಜಾತಿಯ ಪ್ರತಿ ಹುಳುವಿನಿಂದ ದಿನಕ್ಕೆ ಸುಮಾರು 0.03 ಮಿ.ಲೀ., ಇನ್ನೊಂದು ಜಾತಿಯ ಪ್ರತಿ ಹುಳುವಿನಿಂದ ಸುಮಾರು 0.15 ಮಿ.ಲೀ. ಅಥವಾ ಅದಕ್ಕಿಂತ ತುಸು ಹೆಚ್ಚು ರಕ್ತ ನಷ್ಟವಾಗುತ್ತದೆ. ಎರಡನೆಯ ಜಾತಿಯ 40 ಹುಳುಗಳಿದ್ದರೆ ದಿನಕ್ಕೆ 6 ಮಿ.ಲೀ. ರಕ್ತ ಹೋಗುತ್ತದೆ. ಒಂದು ಮಿ.ಲೀ. ರಕ್ತದಲ್ಲಿ ಸುಮಾರು 0.4 ಮಿ.ಗ್ರಾಂ. ಕಬ್ಬಿಣಾಂಶವಿರುವುದರಿಂದ ನಷ್ಟ 2.4 ಮಿ.ಗ್ರಾಂ. ಇದರಲ್ಲಿ ಒಂದು ಪಾಲನ್ನು ಕರುಳು ಮರಳಿ ಹೀರಿಕೊಂಡರೂ ಉಳಿದ ನಷ್ಟವು ದಿನದ ಗಳಿಕೆಗಿಂತ ಹೆಚ್ಚೇ. ಜಮೆಗಿಂತ ಖರ್ಚು ಹೆಚ್ಚಾದ ಮನೆಯಂತೆ ಮಗುವಿನ ದೇಹವು ಮೊದಲು ಸಂಗ್ರಹವನ್ನು ಕಳೆದುಕೊಂಡು, ನಂತರ ರಕ್ತಹೀನತೆಗೆ ಗುರಿಯಾಗುತ್ತದೆ.

ದುಂಡುಹುಳು ನೇರವಾಗಿ ರಕ್ತ ಹೀರುವುದಿಲ್ಲ. ಆದರೆ ಮಗುವಿಗೆ ಸೇರಬೇಕಾದ ಆಹಾರವನ್ನು ಕಬಳಿಸುತ್ತದೆ, ಹಸಿವನ್ನು ಕುಂದಿಸುತ್ತದೆ ಮತ್ತು ಪೋಷಕಾಂಶಗಳು, ವಿಶೇಷವಾಗಿ ‘ಎ’ ಜೀವಸತ್ವ, ಹೀರಿಕೆಯಾಗದಂತೆ ತಡೆಯುತ್ತದೆ.

ಗುರುತಿಸುವ ಲಕ್ಷಣಗಳು

• ಕಣ್ಣಿನ ರೆಪ್ಪೆಯ ಒಳಭಾಗ, ನಾಲಿಗೆ, ಉಗುರು ಮತ್ತು ಅಂಗೈ ಬಿಳಿಚಿಕೊಂಡಿರುವುದು.
• ಆಟದಲ್ಲಿ ಬೇಗ ದಣಿಯುವುದು, ಮೆಟ್ಟಿಲು ಹತ್ತುವಾಗ ಏದುಸಿರು ಬಿಡುವುದು.
• ಪಾಠದಲ್ಲಿ ಗಮನ ನಿಲ್ಲದಿರುವುದು, ತರಗತಿಯಲ್ಲಿ ತೂಕಡಿಸುವುದು, ಶಾಲೆಗೆ ಪದೇ ಪದೇ ಗೈರುಹಾಜರಾಗುವುದು.
• ಮಣ್ಣು, ಸುಣ್ಣ, ಬಳಪ, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನುವ ಚಟ. ಇದು ಕಬ್ಬಿಣಾಂಶದ ಕೊರತೆಯ ಗುರುತಾಗಿರಬಹುದು. ಬೈದು ಬಿಡಿಸುವ ಬದಲು ರಕ್ತ ಪರೀಕ್ಷೆ ಮಾಡಿಸಿ.
• ಹೊಟ್ಟೆನೋವು, ಹೊಟ್ಟೆ ಉಬ್ಬರ, ಹಸಿವಿಲ್ಲದಿರುವುದು, ವಯಸ್ಸಿಗೆ ತಕ್ಕ ತೂಕ ಮತ್ತು ಎತ್ತರ ಬಾರದಿರುವುದು.

ಸೋಂಕು ಕಡಿಮೆ ಇರುವ ಅನೇಕ ಮಕ್ಕಳಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಬಿಳಿಚಿದ ರೆಪ್ಪೆ ಸುಳಿವು ಮಾತ್ರ. ಖಚಿತವಾಗಬೇಕಾದರೆ ಹಿಮೋಗ್ಲೋಬಿನ್ ಪರೀಕ್ಷೆಯೇ ಆಗಬೇಕು. 5ರಿಂದ 11 ವರ್ಷದ ಮಕ್ಕಳಲ್ಲಿ 100 ಮಿ.ಲೀ. ರಕ್ತಕ್ಕೆ 11.5 ಗ್ರಾಂ, 12ರಿಂದ 14 ವರ್ಷದವರಲ್ಲಿ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಪರಿಗಣಿಸಲಾಗುತ್ತದೆ. 8 ಗ್ರಾಂಗಿಂತ ಕಡಿಮೆಯಾದರೆ ಅದು ತೀವ್ರ ಸ್ವರೂಪದ್ದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ವಿಪರೀತ ಹೊಟ್ಟೆನೋವಿನೊಡನೆ ಹೊಟ್ಟೆ ಬಿಗಿದು ವಾಂತಿಯಾಗುತ್ತಿದ್ದರೆ ದುಂಡುಹುಳುಗಳ ಗಂಟು ಕರುಳನ್ನು ಕಟ್ಟಿರುವ ಸಾಧ್ಯತೆ ಇದೆ. ಇದು ತುರ್ತು ಸ್ಥಿತಿ. ಮನೆಮದ್ದಿನಲ್ಲಿ ಕಾಲ ಕಳೆಯಬಾರದು.

ತಪ್ಪು ತಿಳುವಳಿಕೆಗಳು

• “ಬೆಲ್ಲ, ಸಿಹಿ ತಿಂದರೆ ಜಂತುಹುಳು ಆಗುತ್ತದೆ”: ಸಿಹಿಯಿಂದ ಹುಳು ಹುಟ್ಟುವುದಿಲ್ಲ. ಮೊಟ್ಟೆ ಅಥವಾ ಮರಿ ಹೊರಗಿನಿಂದ ಬಂದೇ ಬರಬೇಕು.
• “ನಿದ್ದೆಯಲ್ಲಿ ಹಲ್ಲು ಕಡಿದರೆ, ಮುಖದಲ್ಲಿ ಬಿಳಿ ಮಚ್ಚೆ ಬಂದರೆ ಹುಳು ಇದೆ”: ಇವನ್ನು ಹುಳುವಿನ ಗುರುತೆಂದು ನಂಬಲಾಗದು.
• “ಮಲದಲ್ಲಿ ಹುಳು ಕಾಣಲಿಲ್ಲ, ಆದ್ದರಿಂದ ಹುಳು ಇಲ್ಲ”: ಕೊಕ್ಕೆಹುಳು ಮಲದಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ, ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲೇ ನೋಡಬೇಕು.
• “ದನದ ಸಗಣಿ ಗೊಬ್ಬರದಿಂದ ಮಕ್ಕಳಿಗೆ ಹುಳು ಬರುತ್ತದೆ”: ಮೇಲೆ ಹೇಳಿದ ಮೂರು ಹುಳುಗಳು ಹರಡುವುದು ಮನುಷ್ಯರ ಮಲದಿಂದ. ಆದರೂ ಇತರ ರೋಗಾಣುಗಳ ಕಾರಣದಿಂದ ಸಗಣಿ ಮುಟ್ಟಿದ ನಂತರ ಸೋಪಿನಿಂದ ಕೈ ತೊಳೆಯುವುದು ಅಗತ್ಯ.

ಮೊದಲ ಹೆಜ್ಜೆ: ಹುಳು ನಿವಾರಣೆ

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ 2015ರಲ್ಲಿ ಆರಂಭವಾಯಿತು. ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ 1ರಿಂದ 19 ವರ್ಷದ ಎಲ್ಲರಿಗೂ ಶಾಲೆ ಮತ್ತು ಅಂಗನವಾಡಿಗಳಲ್ಲಿ ಅಲ್ಬೆಂಡಜೋಲ್ ಮಾತ್ರೆಯನ್ನು ಉಚಿತವಾಗಿ ನೀಡಲಾಗುತ್ತದೆ. 1ರಿಂದ 2 ವರ್ಷದ ಮಕ್ಕಳಿಗೆ ಅರ್ಧ ಮಾತ್ರೆ, ಅಂದರೆ 200 ಮಿ.ಗ್ರಾಂ.; 2ರಿಂದ 19 ವರ್ಷದವರಿಗೆ ಒಂದು ಮಾತ್ರೆ, ಅಂದರೆ 400 ಮಿ.ಗ್ರಾಂ. ಅಂದು ಗೈರುಹಾಜರಾದವರಿಗೆ ಕೆಲವು ದಿನಗಳ ನಂತರ ಮತ್ತೊಮ್ಮೆ ಅವಕಾಶ ಕೊಡಲಾಗುತ್ತದೆ.

ತಾವು ಗಮನಿಸಬೇಕಾದ ಅಂಶಗಳು:

1. ಮಾತ್ರೆಯನ್ನು ಚೀಪಿ, ಅಗಿದು ನುಂಗಬೇಕು. ಚಿಕ್ಕ ಮಕ್ಕಳಿಗೆ ಪುಡಿ ಮಾಡಿ ನೀರಿನೊಡನೆ ಕೊಡಬೇಕು. ಇಡಿಯಾಗಿ ಕೊಟ್ಟರೆ ಗಂಟಲಿನಲ್ಲಿ ಸಿಕ್ಕಿಕೊಳ್ಳಬಹುದು.
2. ಜ್ವರ ಅಥವಾ ಬೇರೆ ಕಾಯಿಲೆಯಿರುವ ಮಗುವಿಗೆ ಅಂದು ಕೊಡದೆ ಗುಣವಾದ ಮೇಲೆ ಕೊಡಬೇಕು.
3. ಹೊಟ್ಟೆಯಲ್ಲಿ ಹುಳು ಹೆಚ್ಚಿರುವ ಕೆಲವು ಮಕ್ಕಳಿಗೆ ವಾಕರಿಕೆ, ಸಣ್ಣ ಹೊಟ್ಟೆನೋವು ಬರಬಹುದು. ವಿಶ್ರಾಂತಿಯಿಂದ ಶಮನವಾಗುತ್ತದೆ, ಹೆಚ್ಚಾದರೆ ಆರೋಗ್ಯ ಸಿಬ್ಬಂದಿಗೆ ತಿಳಿಸಿ.
4. ಕುರಿ, ಮೇಕೆ, ದನಗಳಿಗೆ ಕುಡಿಸುವ ಜಂತುನಾಶಕ ದ್ರಾವಣವನ್ನು ಮಕ್ಕಳಿಗೆ ಎಂದಿಗೂ ಕೊಡಬೇಡಿ. ಹೆಸರು ಒಂದೇ ಆಗಿದ್ದರೂ ಅದರ ಸಾಂದ್ರತೆ ಮತ್ತು ತಯಾರಿಕೆ ಪಶುಗಳಿಗೆ ತಕ್ಕಂತಿರುತ್ತದೆ.
5. ಒಂದು ಮಾತ್ರೆ ದುಂಡುಹುಳು ಮತ್ತು ಕೊಕ್ಕೆಹುಳುಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ; ಚಾಟಿಹುಳುವಿನ ಮೇಲೆ ಅದರ ಪರಿಣಾಮ ಕಡಿಮೆ. ಮುಂದೆ ಬರುವ ಸೋಂಕನ್ನು ಅದು ತಡೆಯುವುದಿಲ್ಲ. ಆದ್ದರಿಂದಲೇ ಮತ್ತೆ ಮತ್ತೆ ಕೊಡಬೇಕಾಗುತ್ತದೆ.

ಇಲ್ಲಿ ಬಹುತೇಕ ಮನೆಗಳು ಮರೆಯುವ ಒಂದು ಸಂಗತಿಯಿದೆ. ಕೊಕ್ಕೆಹುಳು ವಯಸ್ಕರಲ್ಲಿಯೂ, ವಿಶೇಷವಾಗಿ ಬರಿಗಾಲಿನಲ್ಲಿ ಮಣ್ಣಿನ ಕೆಲಸ ಮಾಡುವವರಲ್ಲಿ, ಹೆಚ್ಚಾಗಿರುತ್ತದೆ. ಶಾಲೆಯಲ್ಲಿ ಮಗುವಿಗೆ ಮಾತ್ರೆ ಕೊಟ್ಟರೂ ಮನೆಯ ಹಿರಿಯರಲ್ಲಿ ಹುಳು ಉಳಿದಿದ್ದರೆ, ಮತ್ತು ಅವರ ಮಲ ತೋಟದ ಮಣ್ಣು ಸೇರುತ್ತಿದ್ದರೆ, ಮಗುವಿಗೆ ಸೋಂಕು ಮರಳುತ್ತದೆ. ಆದ್ದರಿಂದ ಹಿರಿಯರೂ, ತೋಟದ ಕೆಲಸಗಾರರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಲಹೆ ಪಡೆದು ಚಿಕಿತ್ಸೆ ತೆಗೆದುಕೊಳ್ಳಬೇಕು. ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಈ ಮಾತ್ರೆ ಸೇವಿಸಬಾರದು.

ಎರಡನೆಯ ಹೆಜ್ಜೆ: ಕಬ್ಬಿಣಾಂಶವನ್ನು ತುಂಬುವುದು

ಮಾತ್ರೆಗಳು: 2018ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಡಿ 5ರಿಂದ 9 ವರ್ಷದ ಮಕ್ಕಳಿಗೆ ವಾರಕ್ಕೊಂದು ಗುಲಾಬಿ ಬಣ್ಣದ ಮಾತ್ರೆಯನ್ನು ನೀಡಲಾಗುತ್ತದೆ. ಇದರಲ್ಲಿ 45 ಮಿ.ಗ್ರಾಂ. ಕಬ್ಬಿಣಾಂಶ ಮತ್ತು 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. 10ರಿಂದ 19 ವರ್ಷದವರಿಗೆ ವಾರಕ್ಕೊಂದು ನೀಲಿ ಮಾತ್ರೆ. ಇದರಲ್ಲಿ 60 ಮಿ.ಗ್ರಾಂ. ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಊಟದ ನಂತರ ನೀರಿನೊಡನೆ ಸೇವಿಸಬೇಕು. ಹಾಲು, ಚಹಾ, ಕಾಫಿಯೊಡನೆ ಬೇಡ. ಮಲ ಕಪ್ಪಾಗುವುದು ಸಹಜ, ಹೆದರಬೇಕಾಗಿಲ್ಲ. ರಕ್ತಹೀನತೆ ಇರುವ ಮಗುವಿಗೆ ವಾರದ ಮಾತ್ರೆ ಸಾಲದು. ವೈದ್ಯರು ಹೇಳಿದಷ್ಟು ಕಾಲ ದಿನವೂ ಔಷಧ ಕೊಡಬೇಕು. ಮಗು ಚುರುಕಾಯಿತೆಂದು ನಡುವೆ ನಿಲ್ಲಿಸಬಾರದು. ಈ ಮಾತ್ರೆಗಳನ್ನು ಚಿಕ್ಕ ಮಕ್ಕಳ ಕೈಗೆ ಎಟುಕದಂತೆ ಇಡಿ. ಮಿಠಾಯಿಯೆಂದು ಭಾವಿಸಿ ಹಲವು ಮಾತ್ರೆಗಳನ್ನು ನುಂಗಿದರೆ ಪ್ರಾಣಾಪಾಯವಿದೆ.

ಆಹಾರ: 100 ಗ್ರಾಂ ಆಹಾರದಲ್ಲಿ ಸುಮಾರಾಗಿ ದೊರೆಯುವ ಕಬ್ಬಿಣಾಂಶ ಹೀಗಿದೆ:

• ಹುರುಳಿ – 8.8 ಮಿ.ಗ್ರಾಂ.
• ಸಜ್ಜೆ – 6.4 ಮಿ.ಗ್ರಾಂ.
• ರಾಗಿ – 4.6 ಮಿ.ಗ್ರಾಂ.
• ದಂಟಿನ ಸೊಪ್ಪು – 4.6 ಮಿ.ಗ್ರಾಂ.
• ನುಗ್ಗೆ ಸೊಪ್ಪು – 4.6 ಮಿ.ಗ್ರಾಂ.

ಇವುಗಳಲ್ಲಿರುವ ಕಬ್ಬಿಣಾಂಶ ಮಗುವಿಗೆ ದಕ್ಕಬೇಕಾದರೆ ಅಡುಗೆಯ ಕ್ರಮವೂ ಸರಿಯಾಗಿರಬೇಕು.

1. ಪ್ರತಿ ಊಟದಲ್ಲಿ ‘ಸಿ’ ಜೀವಸತ್ವವಿರುವ ಯಾವುದಾದರೊಂದು ಪದಾರ್ಥವಿರಲಿ. ಬೆಟ್ಟದ ನೆಲ್ಲಿಕಾಯಿಯ 100 ಗ್ರಾಂನಲ್ಲಿ ಸುಮಾರು 250 ಮಿ.ಗ್ರಾಂ., ಸೀಬೆಹಣ್ಣಿನಲ್ಲಿ 200 ಮಿ.ಗ್ರಾಂ.ಗಿಂತ ಹೆಚ್ಚು ‘ಸಿ’ ಜೀವಸತ್ವವಿದೆ. ಸೊಪ್ಪಿನ ಪಲ್ಯಕ್ಕೆ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ.
2. ರಾಗಿ, ಹುರುಳಿ, ಹೆಸರುಕಾಳುಗಳನ್ನು ನೆನೆಸಿ ಮೊಳಕೆ ಕಟ್ಟಿ ಬಳಸಿ. ಕಬ್ಬಿಣಾಂಶದ ಹೀರಿಕೆಯನ್ನು ತಡೆಯುವ ಅಂಶಗಳು ಇದರಿಂದ ಕಡಿಮೆಯಾಗುತ್ತವೆ.
3. ಊಟದ ಹಿಂದೆ ಮುಂದೆ ಒಂದು ಗಂಟೆಯೊಳಗೆ ಚಹಾ, ಕಾಫಿ ಕೊಡಬೇಡಿ.
4. ಹುಳಿ ಹಾಕಿದ ಸಾರು, ಪಲ್ಯಗಳನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಅದರಿಂದಲೂ ಸ್ವಲ್ಪ ಕಬ್ಬಿಣಾಂಶ ಸೇರುತ್ತದೆ.
5. ಮಾಂಸಾಹಾರಿಗಳ ಮನೆಯಲ್ಲಿ ಮಾಂಸ, ಮೀನು ಮಕ್ಕಳ ತಟ್ಟೆಗೂ ಬರಲಿ. ಇವುಗಳ ಕಬ್ಬಿಣಾಂಶ ಸುಲಭವಾಗಿ ಹೀರಿಕೆಯಾಗುತ್ತದೆ. ಬಡಿಸುವಾಗ ಹೆಣ್ಣುಮಕ್ಕಳಿಗೆ ಕೊನೆಗೆ ಉಳಿದದ್ದು ಎಂಬಂತೆ ಆಗದಿರಲಿ. 10ರಿಂದ 12 ವರ್ಷದ ಹುಡುಗನಿಗೆ ದಿನಕ್ಕೆ 16 ಮಿ.ಗ್ರಾಂ. ಕಬ್ಬಿಣಾಂಶ ಬೇಕಾದರೆ ಅದೇ ವಯಸ್ಸಿನ ಹುಡುಗಿಗೆ 28 ಮಿ.ಗ್ರಾಂ. ಬೇಕು.

ಕೈತೋಟ: ಮನೆಯ ಹಿತ್ತಿಲಿನಲ್ಲಿ ಎರಡು ನುಗ್ಗೆ ಗಿಡ, ಒಂದು ನಿಂಬೆ, ಒಂದು ಸೀಬೆ, ಒಂದು ಪರಂಗಿ ಇದ್ದು, ಉಳಿದ ಮಡಿಗಳಲ್ಲಿ ದಂಟು, ಮೆಂತ್ಯ, ಪಾಲಕ್, ಬಸಳೆ, ಚಕ್ರಮುನಿ ಬೆಳೆದರೆ ವರ್ಷವಿಡೀ ಸೊಪ್ಪಿಗೆ ಕೊರತೆಯಾಗದು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ದಂಟಿನ ತಳಿಯನ್ನು ಬಿತ್ತಿದ 25ರಿಂದ 30 ದಿನಗಳಲ್ಲಿ ಮೊದಲ ಕೊಯ್ಲು ಮಾಡಿ, ಹಲವು ಬಾರಿ ಕೊಯ್ಯಬಹುದು. ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ‘ಭಾಗ್ಯ’ ನುಗ್ಗೆ ತಳಿಯೂ ಹಿತ್ತಿಲಿಗೆ ಸೂಕ್ತ. ಒಂದೇ ಸಲ ಎಲ್ಲ ಮಡಿಗಳಿಗೂ ಬಿತ್ತದೆ ಹತ್ತು ಹದಿನೈದು ದಿನಗಳ ಅಂತರದಲ್ಲಿ ಬಿತ್ತಿದರೆ ಕೊಯ್ಲು ನಿರಂತರವಾಗಿರುತ್ತದೆ.

ಮೂರನೆಯ ಹೆಜ್ಜೆ: ಮಣ್ಣಿನಿಂದ ಬರುವ ದಾರಿಯನ್ನು ಮುಚ್ಚುವುದು

1. ಶೌಚಾಲಯದ ಬಳಕೆ: ಮನೆಯಲ್ಲಿ ಶೌಚಾಲಯವಿದ್ದರೆ ಸಾಲದು, ತೋಟದಲ್ಲಿ ಕೆಲಸ ಮಾಡುವ ಹೊತ್ತಿನಲ್ಲಿಯೂ ಬಯಲಿಗೆ ಹೋಗಬಾರದು. ದೊಡ್ಡ ತೋಟಗಳ ಮಾಲೀಕರು ಕೆಲಸಗಾರರಿಗಾಗಿ ತೋಟದಲ್ಲೇ ಶೌಚಾಲಯ ಕಟ್ಟಿಸಬೇಕು. ಚಿಕ್ಕ ಮಕ್ಕಳ ಮಲದಲ್ಲಿಯೂ ಮೊಟ್ಟೆಗಳಿರುತ್ತವೆ. ಅದನ್ನು ತಿಪ್ಪೆಗೆ ಎಸೆಯದೆ ಶೌಚಾಲಯಕ್ಕೇ ಹಾಕಬೇಕು.

2. ಜೋಡಿ ಗುಂಡಿ ವಿಧಾನ: ಒಂದು ಗುಂಡಿ ತುಂಬಿದ ಮೇಲೆ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸಬೇಕು. ಮುಚ್ಚಿದ ಗುಂಡಿಯನ್ನು ಒಂದೂವರೆಯಿಂದ ಎರಡು ವರ್ಷ ಹಾಗೆಯೇ ಬಿಟ್ಟ ನಂತರವೇ ಗೊಬ್ಬರ ತೆಗೆಯಬೇಕು. ಕುಡಿಯುವ ನೀರಿನ ಬಾವಿಯಿಂದ ಗುಂಡಿಯು ಕನಿಷ್ಠ 10ರಿಂದ 15 ಮೀಟರ್ ದೂರವಿರಲಿ.

3. ಹಸಿ ಮಲದ ಕೆಸರು ಬೇಡ: ಸೆಪ್ಟಿಕ್ ಟ್ಯಾಂಕಿನಿಂದ ಟ್ಯಾಂಕರ್‌ನಲ್ಲಿ ತಂದ ಕೆಸರನ್ನು ತರಕಾರಿ ಹೊಲಕ್ಕೆ ನೇರವಾಗಿ ಬಿಡುವ ರೂಢಿ ನಗರಗಳ ಸುತ್ತಮುತ್ತ ಕಂಡುಬರುತ್ತದೆ. ಟ್ಯಾಂಕಿಗೆ ದಿನವೂ ಹೊಸ ಮಲ ಸೇರುವುದರಿಂದ ಎಷ್ಟೇ ಹಳೆಯ ಟ್ಯಾಂಕಾದರೂ ಅದರಲ್ಲಿ ಜೀವಂತ ಮೊಟ್ಟೆಗಳಿರುತ್ತವೆ. ಇದನ್ನು ಸಾವಯವ ತ್ಯಾಜ್ಯದೊಡನೆ ಬೆರೆಸಿ, ರಾಶಿಯ ಎಲ್ಲ ಭಾಗವೂ ಹಲವು ದಿನ 55 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗುವಂತೆ ಮಗುಚುತ್ತಾ ಸರಿಯಾಗಿ ಕಳಿಸಿದರೆ ಮಾತ್ರ ಮೊಟ್ಟೆಗಳು ಸಾಯುತ್ತವೆ.

4. ಚರಂಡಿ ನೀರು: ಶುದ್ಧೀಕರಿಸದ ಕೊಳಚೆ ನೀರಿನಿಂದ ಮೂಲಂಗಿ, ಗಜ್ಜರಿ, ಸೌತೆ, ಕೊತ್ತಂಬರಿ ಮುಂತಾದ ಹಸಿಯಾಗಿ ತಿನ್ನುವ ಬೆಳೆಗಳನ್ನು ಬೆಳೆಯಬಾರದು. ಅಂತಹ ಹೊಲದಲ್ಲಿ ಕೆಲಸ ಮಾಡುವವರು ಗಮ್‌ಬೂಟು, ಕೈಗವಸು ಧರಿಸಬೇಕು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬಾರದು.

5. ಪಾದರಕ್ಷೆ: ಮಕ್ಕಳು ಶಾಲೆಗೆ ಹೋಗುವಾಗ ಮಾತ್ರವಲ್ಲದೆ ಹಿತ್ತಿಲು, ತೋಟ, ಆಟದ ಬಯಲಿಗೆ ಹೋಗುವಾಗಲೂ ಚಪ್ಪಲಿ ಧರಿಸಲಿ. ಮಳೆಗಾಲದ ಕೆಸರಿನಲ್ಲಿ ತೋಟದ ಕೆಲಸಕ್ಕೆ ಪಾದ ಪೂರ್ತಿ ಮುಚ್ಚುವ ಬೂಟು ಉತ್ತಮ.

6. ಕೈ ಮತ್ತು ತರಕಾರಿ: ಊಟಕ್ಕೆ ಮೊದಲು, ಶೌಚದ ನಂತರ, ಮಣ್ಣು ಮುಟ್ಟಿದ ನಂತರ ಸೋಪಿನಿಂದ ಕೈ ತೊಳೆಯಬೇಕು. ವಾರಕ್ಕೊಮ್ಮೆ ಉಗುರು ಕತ್ತರಿಸಬೇಕು. ತರಕಾರಿಯನ್ನು ಹರಿಯುವ ಶುದ್ಧ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಉಪ್ಪು ನೀರಿನಲ್ಲಿ ನೆನೆಸಿದ ಮಾತ್ರಕ್ಕೆ ದುಂಡುಹುಳುವಿನ ಮೊಟ್ಟೆ ಸಾಯುವುದಿಲ್ಲ. ಸಿಪ್ಪೆ ತೆಗೆಯುವುದು ಅಥವಾ ಬೇಯಿಸುವುದು ಸುರಕ್ಷಿತ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

• ಕೃಷಿ ವಿಜ್ಞಾನ ಕೇಂದ್ರ ಮತ್ತು ರೈತ ಸಂಪರ್ಕ ಕೇಂದ್ರಗಳ ತರಬೇತಿಗಳಲ್ಲಿ ಗೊಬ್ಬರ ತಯಾರಿಕೆ, ಕೈತೋಟದ ಪಾಠದೊಡನೆ ಈ ವಿಷಯವನ್ನೂ ಸೇರಿಸಿ. ಕುರಿ ಸಾಕಣೆಯ ಉದಾಹರಣೆ ರೈತರಿಗೆ ಬೇಗ ಮನದಟ್ಟಾಗುತ್ತದೆ.
• ಜಂತುಹುಳು ನಿವಾರಣಾ ದಿನದ ಒಂದು ವಾರ ಮೊದಲು ಆಶಾ, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಶಿಕ್ಷಕರೊಡನೆ ಮಾತನಾಡಿ, ಶಾಲೆ ಬಿಟ್ಟ ಮಕ್ಕಳು ಹಾಗೂ ತೋಟಗಳಲ್ಲಿ ನೆಲೆಸಿರುವ ವಲಸೆ ಕಾರ್ಮಿಕರ ಮಕ್ಕಳ ಪಟ್ಟಿ ಮಾಡಿ. ಮಾತ್ರೆ ತಪ್ಪಿಹೋಗುವುದು ಹೆಚ್ಚಾಗಿ ಇವರಿಗೇ.
• ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಶಾಲೆಯ ಶೌಚಾಲಯ, ನೀರು ಮತ್ತು ಸೋಪಿನ ವ್ಯವಸ್ಥೆಯನ್ನು ಚರ್ಚೆಗೆ ತನ್ನಿ. ಶಾಲಾ ಕೈತೋಟದ ಸೊಪ್ಪು ಬಿಸಿಯೂಟಕ್ಕೆ ಸೇರುವಂತೆ ನೆರವಾಗಿ.
• ಔಷಧ, ಆಹಾರ ಎರಡೂ ಸರಿಯಾಗಿದ್ದು ಹಿಮೋಗ್ಲೋಬಿನ್ ಏರದಿದ್ದರೆ ಬೇರೆ ಕಾರಣಗಳಿರಬಹುದು. ‘ಬಿ-12’ ಜೀವಸತ್ವದ ಕೊರತೆ, ಮಲೇರಿಯಾ, ಥಲಸ್ಸೇಮಿಯಾ, ಮತ್ತು ವಿಶೇಷವಾಗಿ ಬುಡಕಟ್ಟು ಸಮುದಾಯಗಳಲ್ಲಿ ಕಂಡುಬರುವ ಕುಡಗೋಲು ಕಣ ರೋಗ ಇವುಗಳ ಪರೀಕ್ಷೆಗಾಗಿ ಅಂತಹ ಮಕ್ಕಳನ್ನು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿ.

ಮುಕ್ತಾಯ

ರಕ್ತಹೀನತೆಯಿಂದ ಬಳಲುವ ಮಗುವನ್ನು ಮನೆಯವರು ಸೋಮಾರಿ ಎನ್ನುತ್ತಾರೆ, ಶಾಲೆಯಲ್ಲಿ ದಡ್ಡ ಎನ್ನುತ್ತಾರೆ. ಮಗು ಸೋಮಾರಿಯೂ ಅಲ್ಲ, ದಡ್ಡನೂ ಅಲ್ಲ. ಅದರ ರಕ್ತದಲ್ಲಿ ಕಸುವಿಲ್ಲ. ಕಲಿಯುವ ವಯಸ್ಸಿನಲ್ಲಿ ಕಳೆದುಹೋದ ವರ್ಷಗಳನ್ನು ಯಾವ ಔಷಧವೂ ಮರಳಿ ಕೊಡಲಾರದು. ವರ್ಷಕ್ಕೆರಡು ಬಾರಿ ಹುಳುವಿನ ಮಾತ್ರೆ, ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ದಿನವೂ ತಟ್ಟೆಯಲ್ಲಿ ಸೊಪ್ಪು ಕಾಳು, ಕಾಲಿಗೆ ಚಪ್ಪಲಿ, ಮಣ್ಣಿಗೆ ಮಲ ಸೇರದಂತೆ ಎಚ್ಚರ: ಈ ಐದನ್ನೂ ಒಟ್ಟಿಗೆ ಪಾಲಿಸಿದರೆ ಮಾತ್ರ ಫಲ ನಿಲ್ಲುತ್ತದೆ. ಹೆಚ್ಚಿನ ಮಾಹಿತಿಗೆ ತಮ್ಮ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು, ಕೈತೋಟ ಹಾಗೂ ಗೊಬ್ಬರ ತಯಾರಿಕೆಯ ಮಾರ್ಗದರ್ಶನಕ್ಕೆ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.